ಪಿನ್ ಆದ ಕಾಯಿಗೂ ಜೀವ ಇದೆ: ದಿನದ ಚೆಸ್ ಪಜಲ್ ಟಿಪ್ಪಣಿ

ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಬಸ್ಸಿನಲ್ಲಿ ಬರುವಾಗ ದಿನಾ ಚೆಸ್ ಜಾಲತಾಣ ಲೀಚೆಸ್‌ನಲ್ಲಿ ಒಂದು ಪಜಲ್ ಬಿಡಿಸುತ್ತೇನೆ. ಅಲ್ಲಿನ ಪಜಲ್‌ಗಳು ಜನ ನಿಜವಾಗಿ ಆಡಿದ ಆಟಗಳಿಂದಲೇ ತೆಗೆದವು, ದುಡ್ಡೂ ಕೊಡಬೇಕಿಲ್ಲ. ಮೂರು ದಿನ ಪಿನ್ನಿನ ವಿಷಯದಲ್ಲೇ ತಪ್ಪಿದೆ. ಪಿನ್ ಎಂದರೆ ಕಾಯಿಯೊಂದನ್ನು ಕಟ್ಟಿಹಾಕುವುದು: ಅದು ಕದಲಿದರೆ ಹಿಂದಿರುವ ರಾಜನೋ ರಾಣಿಯೋ ಹೊಡೆತಕ್ಕೆ ಸಿಗುತ್ತದೆ. ನಿನ್ನೆ ಅರ್ಥವಾಯಿತು, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಹುಡುಕುವ ಕ್ರಮ ಎಲ್ಲರಿಗೂ ಗೊತ್ತು. ಮೊದಲು ಚೆಕ್ (ರಾಜನ ಮೇಲೆ ದಾಳಿ), ಆಮೇಲೆ ಹೊಡೆತ, ಆಮೇಲೆ ಬೆದರಿಕೆ. ನಾನು ಒಂದು ಸೇರಿಸಿಕೊಂಡಿದ್ದೇನೆ: ಎದುರಾಳಿಯ ಉತ್ತರವನ್ನು ಬಾಯಲ್ಲಿ ಹೇಳದೆ ಪರದೆ ಮುಟ್ಟುವುದಿಲ್ಲ.

ಪಿನ್ ಆದ ಕಾಯಿ ಹೊಡೆಯಲಾರದು

ಇದು ಸುಲಭದ ಭಾಗ. ಮನೆಯ ಹೆಸರಿನಲ್ಲಿ ಅಕ್ಷರ ಉದ್ದ ಸಾಲನ್ನು, ಅಂಕೆ ಅಡ್ಡ ಸಾಲನ್ನು ಹೇಳುತ್ತದೆ. ಬಿಳಿ: ರಾಜ ಜಿ1, ರಾಣಿ ಜಿ3, ಒಂಟೆಗಳು ಬಿ2 ಮತ್ತು ಸಿ4. ಕಪ್ಪು: ರಾಜ ಜಿ8, ರಾಣಿ ಡಿ8, ಆನೆ ಎಫ್8, ಸೈನಿಕರು ಎಫ್7 ಮತ್ತು ಜಿ6. ಜಿ6ರ ಸೈನಿಕನಿಗೆ ಎಫ್7ರ ಸೈನಿಕನ ಕಾವಲು ಇದ್ದ ಹಾಗೆ ಕಾಣುತ್ತದೆ. ಆದರೆ ಸಿ4ರ ಒಂಟೆ ಅವನನ್ನು ರಾಜನ ಮುಂದೆ ಕಟ್ಟಿಹಾಕಿದೆ. ರಾಣಿ ಧೈರ್ಯವಾಗಿ ಜಿ6ರಲ್ಲಿ ಹೊಡೆಯಬಹುದು. ಎಚ್8ಕ್ಕೆ ಬಿ2ರ ಒಂಟೆಯ ಕಣ್ಣಿದೆ, ಎಚ್7 ಮತ್ತು ಜಿ7ಕ್ಕೆ ರಾಣಿಯದ್ದು, ಎಫ್8ರಲ್ಲಿ ಅವರದ್ದೇ ಆನೆ, ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಮೇಟ್.

ಪಿನ್ ಆದ ಕಾಯಿ ರಾಜನನ್ನು ತಡೆಯುತ್ತದೆ

ಎಡವಿದ್ದು ಇಲ್ಲಿ. ಬಿಳಿ: ರಾಜ ಇ1, ರಾಣಿ ಎಚ್6, ಒಂಟೆ ಇ5. ಕಪ್ಪು: ರಾಜ ಜಿ8, ಆನೆ ಇ8, ಸೈನಿಕರು ಎಫ್7 ಮತ್ತು ಎಚ್7. ನಡೆ ಬಿಳಿಯದ್ದು. ರಾಣಿ ಜಿ7ಕ್ಕೆ ಹೋದರೆ ಮೇಟ್, ಅಲ್ವಾ? ನಾನು ಮಾತ್ರ ಒಪ್ಪಲಿಲ್ಲ. ರಾಣಿಗೆ ಇರುವ ಬೆಂಬಲ ಇ5ರ ಒಂಟೆ ಒಂದೇ. ಅದನ್ನು ಇ8ರ ಆನೆ ಪಿನ್ ಮಾಡಿದೆ, ಅಲುಗಾಡುವ ಹಾಗಿಲ್ಲ. ಅಲುಗಾಡದ ಒಂಟೆ ರಾಣಿಯನ್ನು ಹೇಗೆ ಕಾಯುತ್ತದೆ? ರಾಜ ಬಂದು ರಾಣಿಯನ್ನು ಹೊಡೆದುಬಿಡುತ್ತಾನೆ ಎಂದುಕೊಂಡು ಬೇರೆ ನಡೆ ಹುಡುಕುತ್ತಾ ಕೂತೆ.

ಮನೆಯಲ್ಲಿ ಚಾವಡಿಯ ಮೇಲೆ ಬೋರ್ಡ್ ಇಟ್ಟು ಕಾಯಿ ಜೋಡಿಸಿದೆ. ಪಕ್ಕದ ಮನೆಯ ಹುಡುಗಿ, ಆರನೇ ಕ್ಲಾಸು, ನೋಡುತ್ತಾ ನಿಂತಿದ್ದಳು. ನಾನು ಕಪ್ಪು ರಾಜನನ್ನು ಎತ್ತಿ ಜಿ7ರಲ್ಲಿಟ್ಟೆ. ಅವಳು ನನ್ನ ಒಂಟೆಯಿಂದ ಆ ರಾಜನನ್ನೇ ತಳ್ಳಿದಳು.

"ಅದು ಪಿನ್ ಆಗಿದೆಯಲ್ಲ ಮಗಾ, ನನ್ನ ರಾಜ ಹೋಗ್ತಾನೆ" ಎಂದೆ.

"ಮೊದಲು ಸತ್ತದ್ದು ಯಾರ ರಾಜ, ಮಾಮ?"

ಇಷ್ಟೇ ವಿಷಯ. ಇದನ್ನು ನಿಧಾನವಾಗಿ ಒಂದೊಂದೇ ಹೆಜ್ಜೆ ಬಿಡಿಸುತ್ತೇನೆ. ರಾಜನನ್ನು ಹೊಡೆಯುವುದಕ್ಕೆ ಅವಕಾಶ ಇದೆ ಎಂದುಕೊಳ್ಳಿ. ಕಪ್ಪು ರಾಜ ಜಿ7ರ ರಾಣಿಯನ್ನು ಹೊಡೆದ. ಈಗ ಸರದಿ ಬಿಳಿಯದ್ದು. ಒಂಟೆ ಕಪ್ಪು ರಾಜನನ್ನು ಹೊಡೆಯಿತು. ಆಟ ಅಲ್ಲೇ ಮುಗಿಯಿತು. ಇ8ರ ಆನೆ ನಮ್ಮ ರಾಜನನ್ನು ಹೊಡೆಯಬೇಕಾದರೆ ಅದಕ್ಕೆ ಇನ್ನೊಂದು ಸರದಿ ಬೇಕು. ಆ ಸರದಿ ಬರುವುದೇ ಇಲ್ಲ. ಒಂಟೆ ಕದಲಿದರೆ ನಮ್ಮ ರಾಜನಿಗೆ ಅಪಾಯ ಎನ್ನುವುದು ಆಟ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ 3.9.1 ಹೇಳುವುದೂ ಇದನ್ನೇ. ತನ್ನ ರಾಜನಿಗೆ ಚೆಕ್ ಬೀಳುತ್ತದೆಂದು ಕದಲಲಾಗದ ಕಾಯಿ ಕೂಡ ಎದುರಾಳಿ ರಾಜನಿಗೆ ಚೆಕ್ ಕೊಡುತ್ತದೆ. ಹಾಗಾಗಿ ಒಂದು ಪ್ರಶ್ನೆ ಕೇಳಿ. ಹೊಡೆಯಲು ಬರುತ್ತಿರುವುದು ರಾಜನೋ, ಬೇರೆ ಕಾಯಿಯೋ? ರಾಜನಾದರೆ ಪಿನ್ ಆದ ಕಾವಲೂ ಕಾವಲೇ. ಬೇರೆ ಕಾಯಿಯಾದರೆ ಆ ಕಾವಲು ಸುಮ್ನೆ ತೋರಿಕೆಗೆ. ಈ ಒಂದು ಪ್ರಶ್ನೆಯಿಂದ ನನಗೆ ಜಾಸ್ತಿ ಲಾಭವಾಗಿದೆ.

ಉಳಿದ ಸಣ್ಣ ವಿಷಯ

ರಾಜನ ಮುಂದೆ ಪಿನ್ ಆದ ಕುದುರೆ ಕದಲುವುದೇ ಇಲ್ಲ. ಆನೆಯಿಂದ ಪಿನ್ ಆದ ಆನೆ ಅದೇ ಸಾಲಿನಲ್ಲಿ ಓಡಾಡಬಹುದು, ಪಿನ್ ಮಾಡಿದವನನ್ನೇ ಹೊಡೆಯಲೂಬಹುದು. ರಾಣಿಯ ಮುಂದಿನ ಪಿನ್ ಬೇರೆ ಜಾತಿ, ಅಲ್ಲಿ ಕಾಯಿ ಕದಲಬಹುದು. ಲೆಗಾಲ್ ಎಂಬ ಆಟಗಾರನ ಹೆಸರಿನ ಲೆಗಾಲ್ ಮೇಟ್ ನಿಂತಿರುವುದೇ ಅದರ ಮೇಲೆ: ಜಿ4ರ ಕಪ್ಪು ಒಂಟೆ ಪಿನ್ ಮಾಡಿದ ಎಫ್3ರ ಬಿಳಿ ಕುದುರೆ ರಾಣಿಯನ್ನು ಬಿಟ್ಟುಕೊಟ್ಟು ಇ5ರಲ್ಲಿ ಹೊಡೆಯುತ್ತದೆ. ಕಪ್ಪು ಒಂಟೆ ಆಸೆಪಟ್ಟು ಡಿ1ರ ರಾಣಿಯನ್ನು ಹೊಡೆದರೆ, ಬಿಳಿ ಒಂಟೆ ಎಫ್7ರಲ್ಲಿ ಚೆಕ್, ರಾಜ ಇ7ಕ್ಕೆ, ಇನ್ನೊಂದು ಕುದುರೆ ಡಿ5ಕ್ಕೆ ಬಂದು ಮೇಟ್.

ಪಿನ್ ಆಗುವುದು ಬೇರೆ, ದಾರಿ ಮುಚ್ಚುವುದು ಬೇರೆ. ಎರಡನೇ ಸ್ಥಿತಿಯನ್ನೇ ಮತ್ತೆ ಜೋಡಿಸಿ, ಎಫ್7ರ ಸೈನಿಕನನ್ನು ಎಫ್6ರಲ್ಲಿಡಿ. ಒಂಟೆಗೂ ಜಿ7ಕ್ಕೂ ನಡುವೆ ಅವನು ಅಡ್ಡ ನಿಂತ. ಈಗ ರಾಣಿ ಜಿ7ಕ್ಕೆ ಹೋದರೆ ರಾಜ ನಿಜವಾಗಿಯೂ ಹೊಡೆಯುತ್ತಾನೆ.