ಅಣ್ಣನ ಸ್ಕ್ಯಾನಿನಲ್ಲಿ ತಮ್ಮನ ಭವಿಷ್ಯ ಓದಬೇಡಿ

7 ವರ್ಷದ ಹುಡುಗ. "ಕ್ಲಾಸಲ್ಲಿ ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ ಅಂತಾರೆ ಡಾಕ್ಟ್ರೇ, ಅಕ್ಷರಾನೂ ಕೆಟ್ಟಿದೆ" ಅಂದರು ತಾಯಿ. ಬಾಯಿ ತೆರೆಸಿ ನೋಡಿದೆ. ವಸಡು ಕಪ್ಪಾಗಿತ್ತು, ಬೆರಳಿನ ಗೆಣ್ಣುಗಳೂ ಕಪ್ಪು. ನಮ್ಮಲ್ಲಿ ಎಷ್ಟೋ ಜನಕ್ಕೆ ಹುಟ್ಟಿನಿಂದಲೇ ವಸಡು ಕಪ್ಪಿರುತ್ತದೆ. ಆದರೆ ಇವನಿಗೆ ಹಾಗಾಗಿದ್ದು ಒಂದು ವರ್ಷದಿಂದ ಈಚೆಗೆ. ಬಿಸಿಲಲ್ಲಿ ಆಡಿ ಕಪ್ಪಾಗಿದ್ದಾನೆ ಅಂದುಕೊಂಡಿದ್ದರು ಮನೆಯವರು.

ಜೊತೆಗೆ ಸೋದರಮಾವ ಬಂದಿದ್ದರು, 38 ವರ್ಷ. ಬಾಗಿಲಲ್ಲಿ ಬಿಟ್ಟಿದ್ದ ಅವರ ಚಪ್ಪಲಿಗಳ ಮುಂದಿನ ತುದಿ ಸವೆದುಹೋಗಿತ್ತು. ಕಾಲು ಎತ್ತಿ ಇಡಲಾಗದೆ ಎಳೆದುಕೊಂಡು ನಡೆಯುವವರ ಚಪ್ಪಲಿ ಹಾಗೇ ಸವೆಯುತ್ತದೆ. ಕೇಳಿದರೆ, ಐದು ವರ್ಷದಿಂದ ಕಾಲು ಬಿಗಿ, ಮೂತ್ರ ಬಂದರೆ ತಡೆಯೋಕಾಗಲ್ಲ. ಡಿಸ್ಕ್ ತೊಂದರೆ ಅಂತ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡಿದ್ದರು. ಊರಲ್ಲಿದ್ದ ಅಜ್ಜಿಗೂ ನಡೆಯೋದು ಕಷ್ಟ. ವಯಸ್ಸಾಯ್ತಲ್ಲ ಅಂತ ಬಿಟ್ಟಿದ್ದರು.

ಮೂವರಿಗೂ ಇದ್ದದ್ದು ಒಂದೇ ಕಾಯಿಲೆ: ಅಡ್ರಿನೋಲ್ಯುಕೋಡಿಸ್ಟ್ರೋಫಿ, ಚಿಕ್ಕದಾಗಿ ಎಎಲ್‌ಡಿ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎಕ್ಸ್ ಕ್ರೋಮೋಸೋಮಿನಲ್ಲಿ ಎಬಿಸಿಡಿ1 ಅನ್ನುವ ಜೀನ್ ಇದೆ. ಪತ್ತೆಯಾಗಿದ್ದು 1993ರಲ್ಲಿ. ಅದು ಕೆಟ್ಟರೆ ಒಂದು ಬಗೆಯ ಉದ್ದ ಸರಪಳಿಯ ಕೊಬ್ಬು ಕರಗದೆ ಉಳಿಯುತ್ತದೆ. ಮೆದುಳಿನ ವೈಟ್ ಮ್ಯಾಟರ್ (ನರತಂತುಗಳಿರುವ ಬಿಳಿ ಭಾಗ), ಬೆನ್ನುಹುರಿ, ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ, ಈ ಮೂರಕ್ಕೆ ಅದರಿಂದ ಪೆಟ್ಟು. ಹುಡುಗನ ವಸಡು, ಗೆಣ್ಣು ಕಪ್ಪಾಗಿದ್ದು ಅಡ್ರಿನಲ್ ಸೋತಿದ್ದರಿಂದ. ಆದರೆ ಯಾರಿಗೆ ಯಾವುದಕ್ಕೆ, ಯಾವ ವಯಸ್ಸಿನಲ್ಲಿ ಅಂತ ಜೀನ್ ನೋಡಿ ಹೇಳೋಕಾಗಲ್ಲ. ರಕ್ತದಲ್ಲಿ ಆ ಕೊಬ್ಬು ಎಷ್ಟಿದೆ ಅಂತ ನೋಡಿದರೂ ಗೊತ್ತಾಗಲ್ಲ. ಒಂದೇ ಜೀನ್ ಇರುವ ಅವಳಿಗಳಲ್ಲೂ ಕಾಯಿಲೆ ಬೇರೆ ಬೇರೆ ದಾರಿ ಹಿಡಿದದ್ದಿದೆ! ದೋಷವಿರುವ ಹುಡುಗರಲ್ಲಿ ಮೂರರಲ್ಲೊಬ್ಬರಿಗಿಂತ ತುಸು ಜಾಸ್ತಿ ಮಂದಿಗೆ ಬಾಲ್ಯದಲ್ಲೇ ಮೆದುಳು ಕೆಡುತ್ತದೆ, ಹೆಚ್ಚಾಗಿ 4ರಿಂದ 10 ವರ್ಷದೊಳಗೆ. ಉಳಿದವರು ಬೆಳೆದು ದೊಡ್ಡವರಾದ ಮೇಲೆ ಬಹುತೇಕ ಎಲ್ಲರಿಗೂ ಕಾಲು ಬಿಗಿಯತೊಡಗುತ್ತದೆ. ಹೆಂಗಸರಿಗೂ ಬರುತ್ತದೆ, ನಿಧಾನವಾಗಿ. "ಅವರು ಬರೀ ವಾಹಕರು, ಏನೂ ಆಗಲ್ಲ" ಅನ್ನುವ ಹಳೆಯ ಮಾತು ತಪ್ಪು.

"ಸಂಬಂಧದಲ್ಲೇ ಮದುವೆ ಆಗಿದ್ದಕ್ಕಾ ಡಾಕ್ಟ್ರೇ?" ಇದು ನಮ್ಮಲ್ಲಿ ಬರುವ ಮೊದಲ ಪ್ರಶ್ನೆ. ಅಲ್ಲ. ಹುಡುಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಆಕೆ ಯಾರನ್ನು ಮದುವೆಯಾಗಿದ್ದರೂ ಅಷ್ಟೇ. ಹಾಗಂದ ಕೂಡಲೇ ಎಲ್ಲರ ಕಣ್ಣೂ ಆ ತಾಯಿಯ ಮೇಲೆ ತಿರುಗಿತು. ಆಗ ನಾನು ಸ್ವಲ್ಪ ಗಟ್ಟಿಯಾಗೇ ಹೇಳಿದೆ: ಇದರಲ್ಲಿ ಆಕೆಯ ತಪ್ಪು ಏನೂ ಇಲ್ಲ. ಹೆಣ್ಣುಮಕ್ಕಳ ಮದುವೆ ಇದೆ ಅಂತ ಕಾಯಿಲೆಯನ್ನು ಮುಚ್ಚಿಡುವವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಮುಚ್ಚಿಟ್ಟಷ್ಟು ದಿನ ಯಾವುದೋ ಮಗುವಿನ ಸಮಯ ಹೋಗುತ್ತಿರುತ್ತದೆ.

ಯಾಕೆಂದರೆ ಕಾಂಡಕೋಶ (ಸ್ಟೆಮ್ ಸೆಲ್) ಕಸಿ ಮೆದುಳನ್ನು ಉಳಿಸುವುದು ಹಾನಿ ಶುರುವಾದ ಹೊಸದರಲ್ಲಿ ಮಾತ್ರ. ಈ ಹುಡುಗನಿಗೆ ಹೊತ್ತು ಮೀರಿತ್ತು. ಅವನ 4 ವರ್ಷದ ತಮ್ಮನಲ್ಲೂ ಅದೇ ದೋಷ ಸಿಕ್ಕಿತು, ಆದರೆ ಎಂಆರ್‌ಐ ಚೊಕ್ಕವಾಗಿತ್ತು. "ಇವನಿಗೂ ಹೀಗೇ ಆಗುತ್ತಾ?" ಅಂದರು ತಂದೆ. ಆಗಲೇಬೇಕು ಅಂತಿಲ್ಲ. 12 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎಂಆರ್‌ಐ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ಗುರುತು ಕಂಡ ದಿನವೇ ಕಸಿಗೆ ಓಡಬೇಕು.

ತಾಯಿಯ ಕಡೆಯವರೆಲ್ಲ ಪರೀಕ್ಷೆ ಮಾಡಿಸಬೇಕಿತ್ತು. ಹುಡುಗನ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಮಾತ್ರ ಬರಲು ಒಪ್ಪಲಿಲ್ಲ. "ನನ್ನ ಮಗ ಆಟ, ಪಾಠ ಎಲ್ಲದರಲ್ಲೂ ಮುಂದು, ಸುಮ್ನೆ ಯಾಕೆ ಟೆಸ್ಟು?" ಮೂರು ಸಲ ಫೋನ್ ಮಾಡಿದ ಮೇಲೆ ಬಂದರು. ಅವರ ರಕ್ತದಲ್ಲಿ ಕೊಬ್ಬಿನ ಮಟ್ಟ ನಾರ್ಮಲ್ ಇತ್ತು. ಹೆಂಗಸರಲ್ಲಿ ಅದನ್ನು ನಂಬಿ ಕೂರುವಂತಿಲ್ಲ, ಜೀನ್ ಪರೀಕ್ಷೆಯೇ ಆಗಬೇಕು. ಅದರಲ್ಲಿ ದೋಷ ಸಿಕ್ಕಿತು, 9 ವರ್ಷದ ಮಗನಲ್ಲೂ ಸಿಕ್ಕಿತು. ಅವನ ಮೆದುಳು ಚೆನ್ನಾಗಿದೆ, ಆದರೆ ಅಡ್ರಿನಲ್ ಗ್ರಂಥಿ ಮಾಡುವ ಹಾರ್ಮೋನು ಕಾರ್ಟಿಸೋಲ್ ತೀರಾ ಕಡಿಮೆ. ಹಾಗೇ ಬಿಟ್ಟಿದ್ದರೆ ಒಂದು ಜೋರು ಜ್ವರಕ್ಕೆ ಜೀವಕ್ಕೇ ಅಪಾಯವಿತ್ತು. ಈಗ ಅದರ ಬದಲಿಗೆ ದಿನವೂ ಮಾತ್ರೆ ನುಂಗುತ್ತಾನೆ. ಅದು ಮೆದುಳನ್ನು ಕಾಯುವುದಿಲ್ಲ, ಆದ್ದರಿಂದ ಅವನಿಗೂ ಎಂಆರ್‌ಐ ತಪ್ಪದು. ಸ್ಕೂಲ್ ಬ್ಯಾಗಿನಲ್ಲಿ ನಾನು ಬರೆದುಕೊಟ್ಟ ಚೀಟಿ ಇದೆ: ಜ್ವರ ಬಂದರೆ ಡೋಸ್ ಜಾಸ್ತಿ ಮಾಡಿ, ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಿಸಿ.