ಮನೆಯಲ್ಲಿ ಹಾಡು ಮಾಡುವವರಿಗೆ ಯಾವ ಡ್ರಮ್ ಸಾಫ್ಟ್‌ವೇರ್ ಸರಿ?

ಪ್ರಶ್ನೆ: ನಾನು ಮನೆಯಲ್ಲೇ ಭಾವಗೀತೆ, ಜನಪದ ಗೀತೆಗಳಿಗೆ ಸಂಗೀತ ಮಾಡುತ್ತೇನೆ. 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಒಂದು ಚಿಕ್ಕ ಮಿಡಿ ಕೀಬೋರ್ಡ್ ಇವೆ. ಇಲ್ಲಿಯವರೆಗೆ ಸಿದ್ಧವಾಗಿ ಸಿಗುವ ಲೂಪ್ (ಮತ್ತೆ ಮತ್ತೆ ನುಡಿಯುವ ತುಣುಕು) ಹಾಕಿಕೊಂಡೇ ದಿನ ತಳ್ಳಿದ್ದೇನೆ. ಈಗ ಸರಿಯಾದ ಡ್ರಮ್ ಸಾಫ್ಟ್‌ವೇರ್ ಒಂದನ್ನು ಕೊಳ್ಳಬೇಕು ಅಂದುಕೊಂಡಿದ್ದೇನೆ. ಈಜಿ ಡ್ರಮ್ಮರ್ ತಗೊಳ್ಳಲಾ, ಅಡಿಕ್ಟಿವ್ ಡ್ರಮ್ಸ್ ತಗೊಳ್ಳಲಾ, ಇಲ್ಲ ಉಚಿತವಾಗಿ ಸಿಗುವುದೇ ಸಾಕಾ?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದ ಸಾಮಾನು ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ನಿಮ್ಮ ವಿಷಯದಲ್ಲಂತೂ ಇದು ಪೂರ್ತಿ ನಿಜ. ಯಾಕೆ ಅಂತ ಹೇಳುತ್ತೇನೆ.

ಡ್ರಮ್ ಸಾಫ್ಟ್‌ವೇರ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ವಸ್ತುಗಳನ್ನು. ಒಂದು, ತುಂಬಿಸಿಟ್ಟ ಕಿಟ್. ಯಾವುದೋ ಒಳ್ಳೆಯ ಸ್ಟುಡಿಯೋದಲ್ಲಿ ಒಳ್ಳೆಯ ಡ್ರಮ್ಮರ್ ಒಂದೊಂದು ಡ್ರಮ್ಮನ್ನೂ ನೂರಾರು ಸಲ ಹೊಡೆದಿರುತ್ತಾರೆ, ಅದನ್ನೆಲ್ಲ ಮುದ್ರಿಸಿ ಜೋಡಿಸಿ ಕೊಟ್ಟಿರುತ್ತಾರೆ. ಈಜಿ ಡ್ರಮ್ಮರ್, ಅಡಿಕ್ಟಿವ್ ಡ್ರಮ್ಸ್, ಬಿಎಫ್‌ಡಿ, ಸ್ಟೀವನ್ ಸ್ಲೇಟ್ ಡ್ರಮ್ಸ್ ಎಲ್ಲ ಈ ಜಾತಿ. ಇನ್ನೊಂದು, ಖಾಲಿ ಡಬ್ಬ. ಅದಕ್ಕೆ ಸ್ಯಾಂಪ್ಲರ್ ಅನ್ನುತ್ತಾರೆ. ನೀವೇ ಸದ್ದು ತಂದು ಹಾಕಬೇಕು, ಯಾವ ಕೀ ಒತ್ತಿದರೆ ಯಾವುದು ಬರಬೇಕು ಅಂತ ನೀವೇ ಹೇಳಬೇಕು. ಬ್ಯಾಟರಿ, ಸಿತಾಲಾ, ಎಫ್‌ಎಲ್ ಸ್ಟುಡಿಯೋದ ಎಫ್‌ಪಿಸಿ, ಏಬಲ್ಟನ್‌ನ ಡ್ರಮ್ ರ‍್ಯಾಕ್ ಈ ಜಾತಿ.

ರಾಕ್, ಪಾಪ್, ಸಿನಿಮಾ ಹಾಡಿನ ಧಾಟಿಯ ಕೆಲಸಕ್ಕೆ ತುಂಬಿಸಿಟ್ಟ ಕಿಟ್ ಬೇಕು. ತಮಟೆ, ಡೊಳ್ಳು, ಖಂಜರಿ, ಮನೆಯ ಸ್ಟೀಲ್ ಬಿಂದಿಗೆ ಏನೇ ಇರಲಿ, ನಿಮ್ಮದೇ ಸದ್ದು ನುಡಿಯಬೇಕು ಅಂದರೆ ಖಾಲಿ ಡಬ್ಬ ಬೇಕು. ಜನಪದ ಗೀತೆ ಮಾಡುವವರು ನೀವು. ಹಣ ಕೊಟ್ಟು ಕಿಟ್ ತಂದರೂ ನಾಳೆ ತಮಟೆ ಬೇಕಾದಾಗ ಮತ್ತೆ ಹುಡುಕಾಟ ಶುರುವಾಗುತ್ತದೆ, ಅಲ್ವಾ?

ಇನ್ನು, "ನನ್ನ ಬೀಟ್ ಯಾಕೆ ಮಷಿನ್ ತರ ಕೇಳುತ್ತೆ?" ಅನ್ನುವ ಪ್ರಶ್ನೆ. ನೀವು ಅದನ್ನು ಕೇಳಿಲ್ಲ. ಆದರೆ ಹೊಸ ಸಾಫ್ಟ್‌ವೇರ್ ಬೇಕು ಅನ್ನುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ.

1980ರಲ್ಲಿ ರೋಜರ್ ಲಿನ್ ಅನ್ನುವ ಅಮೆರಿಕದ ಎಂಜಿನಿಯರ್ ಎಲ್‌ಎಂ-1 ಅನ್ನುವ ಡ್ರಮ್ ಮಷಿನ್ ತಂದರು. ನಿಜವಾದ ಡ್ರಮ್ಮಿನ ಸದ್ದನ್ನು ಮುದ್ರಿಸಿ, ಚಿಪ್‌ನಲ್ಲಿಟ್ಟು ನುಡಿಸಿದ ಮೊದಲ ಡ್ರಮ್ ಮಷಿನ್ ಅದು. ಆಗ ಮೆಮೊರಿ ಎಷ್ಟು ದುಬಾರಿ ಅಂದರೆ ಅದರಲ್ಲಿ ಲೋಹದ ತಟ್ಟೆಗಳಾದ ಕ್ರ್ಯಾಶ್, ರೈಡ್ ಸಿಂಬಲ್‌ಗಳೇ ಇರಲಿಲ್ಲ. ಸಿಂಬಲ್ ಸದ್ದು ತುಂಬಾ ಹೊತ್ತು ಎಳೆಯುತ್ತದೆ, ಅಷ್ಟನ್ನು ಇಡಲು ಜಾಗ ಸಾಲದು. ಈಗ ಈಜಿ ಡ್ರಮ್ಮರ್ ಕಂಪನಿಯದೇ ದೊಡ್ಡ ಪ್ಯಾಕೇಜಾದ ಸುಪೀರಿಯರ್ ಡ್ರಮ್ಮರ್ 3 ಪೂರ್ತಿ ಹಾಕಿಕೊಂಡರೆ 230 ಜಿಬಿ ಬೇಕು.

ಅಷ್ಟೊಂದು ಜಿಬಿ ಹೋಗುವುದು ಎಲ್ಲಿಗೆ? ಒಂದು ಸ್ನೇರ್ ಡ್ರಮ್ಮನ್ನು ಮೆಲ್ಲಗೆ ಮುಟ್ಟಿದಾಗ ಬರುವ ಸದ್ದೇ ಬೇರೆ, ಬೀಸಿ ಹೊಡೆದಾಗ ಬರುವುದೇ ಬೇರೆ. ಜೋರು ಸದ್ದಿನ ವಾಲ್ಯೂಮ್ ಇಳಿಸಿದರೆ ಮೆಲುಸದ್ದು ಸಿಗುವುದಿಲ್ಲ. ದೂರದಲ್ಲಿ ಯಾರೋ ಜೋರಾಗಿ ಹೊಡೆದ ಹಾಗೆ ಕೇಳುತ್ತದೆ, ಅಷ್ಟೇ. ಅದಕ್ಕೇ ಹಲವು ಬಲದಲ್ಲಿ ಹೊಡೆದು ಬೇರೆ ಬೇರೆ ಮುದ್ರಿಸುತ್ತಾರೆ. ಇವು ವೆಲಾಸಿಟಿ ಲೇಯರ್‌ಗಳು. ಮಿಡಿಯಲ್ಲಿ, ಅಂದರೆ ಯಾವ ಕೀ ಯಾವಾಗ ಒತ್ತಿದಿರಿ ಅಂತ ಕಂಪ್ಯೂಟರಿಗೆ ಹೇಳುವ ಭಾಷೆಯಲ್ಲಿ, ಏಟಿನ ಬಲಕ್ಕೆ 1ರಿಂದ 127ರವರೆಗೆ ಅಂಕಿ ಇದೆ. ಯಾವ ಅಂಕಿಗೆ ಯಾವ ಲೇಯರ್ ಅಂತ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಇದರ ಜೊತೆಗೆ, ಒಂದೇ ಬಲದ ಏಟನ್ನೂ ನಾಲ್ಕಾರು ಸಲ ಮುದ್ರಿಸಿ ಸರದಿಯಂತೆ ಬಿಡುತ್ತಾರೆ. ಅದು ರೌಂಡ್ ರಾಬಿನ್. ಈ ಎರಡೂ ಇಲ್ಲದಿದ್ದರೆ ಫಿಲ್ (ಸಾಲಿನ ಕೊನೆಯಲ್ಲಿ ಬರುವ ಉರುಳು ಏಟುಗಳು) ಹಾಕಿದಾಗ ಟಪಟಪಟಪ ಅಂತ ಟೈಪ್‌ರೈಟರ್ ಹೊಡೆದ ಹಾಗಾಗುತ್ತದೆ. ಜೊತೆಗೆ ಓವರ್‌ಹೆಡ್ ಮೈಕು (ಡ್ರಮ್ಮಿನ ಮೇಲೆ ತೂಗುವುದು), ರೂಮ್ ಮೈಕುಗಳ (ಕೋಣೆಯ ಸದ್ದು ಹಿಡಿಯುವವು) ಮುದ್ರಣ ಬೇರೆ ಬೇರೆಯಾಗಿ ಇರುತ್ತದೆ. ಹೀಗೆ ಜಿಬಿ ಬೆಳೆಯುತ್ತಾ ಹೋಗುತ್ತದೆ.

ಆದರೆ ಇಷ್ಟೆಲ್ಲ ಇದ್ದೂ ಬೀಟ್ ಸತ್ತ ಹಾಗೆ ಕೇಳಬಹುದು. ಇದನ್ನು ನಾನು ಕಲಿತದ್ದು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುವ ಒಬ್ಬ ಹಿರಿಯರಿಂದ. ನಾನು ಮಾಡಿದ ಬೀಟನ್ನು ಅರ್ಧ ನಿಮಿಷ ಕೇಳಿದರು. "ತಮ್ಮಾ, ನಿನ್ ಡ್ರಮ್ಮರ್‌ಗೆ ಎಷ್ಟು ಕೈಯೋ?" ಅಂದರು. ನೋಡಿದರೆ ನಾನು ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಟ್ಟೆ), ಸ್ನೇರ್, ಟಾಮ್ ಡ್ರಮ್, ಕ್ರ್ಯಾಶ್ ನಾಲ್ಕನ್ನೂ ಒಂದೇ ಮಾತ್ರೆಗೆ ಇಟ್ಟಿದ್ದೆ. ಎರಡೇ ಕೈಯಲ್ಲಿ ಅದು ಆಗುವ ಮಾತಲ್ಲ. ಆಮೇಲೆ ಅವರು ಟೇಬಲ್ ಮೇಲೆ ಬೆರಳಿನಲ್ಲಿ ನುಡಿಸಿ ತೋರಿಸಿದರು. ಬಲಗೈ ಹೈಹ್ಯಾಟ್ ಹಿಡಿದಿತ್ತು. ಒಂದು ಏಟು ಜೋರು, ಮುಂದಿನದು ಹಗುರ, ಮತ್ತೆ ಜೋರು. ಫಿಲ್ ಬಂದಾಗ ಆ ಕೈ ಹೈಹ್ಯಾಟ್ ಬಿಟ್ಟು ಟಾಮ್‌ಗೆ ಹೋಯಿತು, ಅಷ್ಟು ಹೊತ್ತು ಹೈಹ್ಯಾಟ್ ಸುಮ್ಮನಾಯಿತು. ಆ ರಾತ್ರಿಯೇ ಕೂತು ಹೈಹ್ಯಾಟಿನ ವೆಲಾಸಿಟಿಗಳನ್ನು 95, 65, 90, 60 ಅಂತ ಬದಲಿಸಿದೆ. ಸ್ನೇರ್ ಏಟುಗಳ ನಡುವೆ 30ರ ಆಸುಪಾಸಿನಲ್ಲಿ ಒಂದೆರಡು ಮುಟ್ಟಿದಂಥ ಏಟು ಸೇರಿಸಿದೆ. ಅದೇ ಕಿಟ್, ಅದೇ ಲ್ಯಾಪ್‌ಟಾಪ್. ಬೀಟ್ ಎದ್ದು ಕೂತಿತು.

ನಿಮ್ಮ ಕೆಲಸಕ್ಕೆ ಬರೋಣ. ಮಾಮೂಲಿ ಡ್ರಮ್ ಕಿಟ್‌ಗೆ ಎಂಟಿ ಪವರ್ ಡ್ರಮ್ ಕಿಟ್ 2 ಹಾಕಿಕೊಳ್ಳಿ. ಉಚಿತ. ತೆರೆದಾಗ ದೇಣಿಗೆ ಕೇಳುವ ಒಂದು ಪುಟ ಬರುತ್ತದೆ, ದಾಟಿ ಹೋಗಬಹುದು. ಕೈಲಾದವರು ಕೊಡಿ, ಕೆಲಸ ಹಾಗಿದೆ. ಒಳಗೆ ಬೀಟ್‌ಗಳೂ ಫಿಲ್‌ಗಳೂ ಇವೆ. ನಿಮ್ಮ 8 ಜಿಬಿ ರ‍್ಯಾಮ್‌ಗೆ ಅದು ಹೊರೆಯೇ ಅಲ್ಲ. ಸದ್ದು ಸ್ವಲ್ಪ ರಾಕ್ ಕಡೆಗೆ ವಾಲಿದೆ, ಗಟ್ಟಿ ಇದೆ. ಭಾವಗೀತೆಗೆ ವೆಲಾಸಿಟಿ ಇಳಿಸಿ ಬಳಸಿ. ಸ್ಟೀವನ್ ಸ್ಲೇಟ್ ಡ್ರಮ್ಸ್‌ನ ಉಚಿತ ಆವೃತ್ತಿಯನ್ನೂ ಒಮ್ಮೆ ಕೇಳಿ ನೋಡಬಹುದು.

ಖಾಲಿ ಡಬ್ಬ ಆಗಲೇ ನಿಮ್ಮ ಹತ್ತಿರ ಇದೆ. ರೀಪರ್ ಜೊತೆಗೇ ರಿಯಾಸ್ಯಾಂಪ್ಲೋಮ್ಯಾಟಿಕ್ 5000 ಅನ್ನುವ ಪ್ಲಗಿನ್ (ರೀಪರಿನ ಒಳಗೆ ಓಡುವ ಚಿಕ್ಕ ಸಾಫ್ಟ್‌ವೇರ್) ಬರುತ್ತದೆ. ನೋಡಲು ಏನೂ ಚೆಂದವಿಲ್ಲ, ಒಂದು ಕಿಟಕಿ, ನಾಲ್ಕಾರು ಗುಂಡಿಗಳು. ಅದಕ್ಕೇ ಜನ ಅದನ್ನು ಮುಟ್ಟುವುದಿಲ್ಲ. ಆದರೆ ಯಾವ ನೋಟ್‌ಗೆ, ಎಷ್ಟರಿಂದ ಎಷ್ಟು ವೆಲಾಸಿಟಿಗೆ ಈ ಸದ್ದು ಬರಬೇಕು ಅಂತ ಅದರಲ್ಲಿ ಹೇಳಬಹುದು. ಒಂದೇ ಟ್ರ್ಯಾಕಿನ ಮೇಲೆ ನಾಲ್ಕು ಸಲ ಹಾಕಿ. ಮೊದಲನೆಯದಕ್ಕೆ 1ರಿಂದ 40, ಎರಡನೆಯದಕ್ಕೆ 41ರಿಂದ 75, ಮೂರನೆಯದಕ್ಕೆ 76ರಿಂದ 105, ಕೊನೆಯದಕ್ಕೆ 106ರಿಂದ 127. ನಾಲ್ಕು ಲೇಯರಿನ ವಾದ್ಯ ಸಿದ್ಧ. ಇಷ್ಟು ತಲೆನೋವು ಬೇಡ ಅನ್ನುವವರಿಗೆ ಸಿತಾಲಾ 1 ಇದೆ. ಉಚಿತ, ಹದಿನಾರು ಪ್ಯಾಡ್, ಫೈಲ್ ಎಳೆದು ಪ್ಯಾಡ್ ಮೇಲೆ ಬಿಟ್ಟರೆ ಆಯಿತು. ನಾಲ್ಕು ಸಾಲು, ಸಾಲಿಗೆ ನಾಲ್ಕು ಪ್ಯಾಡ್ ಅನ್ನುವ ಈ ಜೋಡಣೆಯನ್ನು ಜನ ಕಲಿತದ್ದು 1988ರ ಅಕಾಯ್ ಎಂಪಿಸಿ60ಯಿಂದ. ಅದರ ಹಿಂದೆಯೂ ಅದೇ ರೋಜರ್ ಲಿನ್ ಇದ್ದರು. ಸಿತಾಲಾದಲ್ಲಿ ಪ್ಯಾಡಿಗೆ ಒಂದೇ ಸದ್ದು. ಹಾಗಾಗಿ ಮೆಲ್ಲಗಿನ ಏಟನ್ನು ಒಂದು ಪ್ಯಾಡಿಗೂ ಜೋರಿನದನ್ನು ಪಕ್ಕದ ಪ್ಯಾಡಿಗೂ ಹಾಕಿ, ಎರಡು ಬೆರಳಿನಲ್ಲಿ ನುಡಿಸಿ.

ತಬಲಾ, ಮೃದಂಗದ ವಿಷಯ ಬೇರೆ. ಇವನ್ನು ಒಂದೊಂದು ಏಟಿನ ಸ್ಯಾಂಪಲ್‌ನಿಂದ ಕಟ್ಟುವುದು ತುಂಬಾ ಕಷ್ಟ. ಎಡಗೈ ಬಾಯಾ (ತಬಲಾ ಜೋಡಿಯ ಎಡಗಡೆಯದು) ಮೇಲೆ ಜಾರುವಾಗ ಸದ್ದು ಏರುತ್ತಾ ಇಳಿಯುತ್ತಾ ಹೋಗುತ್ತದಲ್ಲ, ಆ ಜಾರಿಕೆ ಕೀಬೋರ್ಡಿನಲ್ಲಿ ಬರುವುದಿಲ್ಲ. ಇನ್ನೊಂದು, ಶ್ರುತಿ. ಸಿ ಶಾರ್ಪ್‌ಗೆ ಕೂಡಿಸಿ ಮುದ್ರಿಸಿದ ತಬಲಾವನ್ನು ಎಫ್‌ಗೆ ಎಳೆದರೆ ಅದು ಆಟಿಕೆಯ ಹಾಗೆ ಕೇಳುತ್ತದೆ. ಅರ್ಧ ಅಥವಾ ಒಂದು ಮನೆ ಆಚೆ ಈಚೆ ಆದರೆ ಸಹಿಸಬಹುದು. ಸ್ವರ್ ಸಿಸ್ಟಮ್ಸ್ ಕಂಪನಿಯ ಸ್ವರ್‌ಪ್ಲಗ್‌ನಂಥವು ನಮ್ಮ ವಾದ್ಯಗಳಿಗೆಂದೇ ಇವೆ, ಮಿಡಿ ಲೂಪ್‌ಗಳ ಜೊತೆಗೆ ಬರುತ್ತವೆ. ಡೆಮೋ ಹಾಡಿಗೆ ಸಾಕು. ಬಿಡುಗಡೆ ಮಾಡುವ ಭಾವಗೀತೆಗೆ ದಯವಿಟ್ಟು ತಬಲಾ ನುಡಿಸುವವರನ್ನೇ ಕರೆಯಿರಿ. ಈ ಮಾತಿನಲ್ಲಿ ನಾನು ರಾಜಿ ಆಗುವವನಲ್ಲ.

ತಮಟೆ, ಡೊಳ್ಳು ಸ್ಯಾಂಪ್ಲರಿಗೆ ಚೆನ್ನಾಗಿ ಒಗ್ಗುತ್ತವೆ. ಹೆಸರಾಂತ ಪ್ಯಾಕೇಜುಗಳಲ್ಲಿ ಇವನ್ನು ಹುಡುಕಿ ದಿನ ಕಳೆಯುವ ಬದಲು ನೀವೇ ಮುದ್ರಿಸಿ. ನುಡಿಸುವವರಿಗೆ ಸರಿಯಾದ ಸಂಭಾವನೆ ಕೊಟ್ಟು, ಸದ್ದನ್ನು ಯಾವುದಕ್ಕೆ ಬಳಸುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆದು ಶುರು ಮಾಡಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಚರ್ಮ ಬಿಗಿಯಾಗಿ ಸದ್ದು ಕಂಚಿನ ಹಾಗೆ ಏಳುತ್ತದೆ. ಆರುತ್ತಾ ಬಂದಂತೆ ಇಳಿಯುತ್ತದೆ. ಹಾಗಾಗಿ ಮೈಕು, ಲೆವೆಲ್ ಎಲ್ಲ ಮೊದಲೇ ನೋಡಿಟ್ಟುಕೊಂಡಿರಿ. ಕಾಯಿಸಿದ ಮೇಲೆ "ಒಂದ್ನಿಮಿಷ ಇರಿ ಅಣ್ಣಾ" ಅಂತ ವೈರ್ ಹುಡುಕಬೇಡಿ. ದಪ್ಪ ಕೋಲಿನ ಏಟು, ಸಣ್ಣ ಕಡ್ಡಿಯ ಏಟು, ಅಂಚಿನ ಏಟು, ಇವು ಮೂರೂ ಬೇರೆ ಬೇರೆ. ಒಂದೊಂದನ್ನೂ ನಾಲ್ಕು ಬಲದಲ್ಲಿ, ಪ್ರತಿ ಬಲಕ್ಕೂ ನಾಲ್ಕು ಸಲ ಹೊಡೆಸಿ. ನಲವತ್ತೆಂಟು ಏಟು ಆಯಿತು. ಒಂದರ ಸದ್ದು ಪೂರ್ತಿ ಆರಿದ ಮೇಲೇ ಇನ್ನೊಂದು. ಮೈಕನ್ನು ತಮಟೆಯ ಬಾಯಿಗೇ ಹಿಡಿಯದೆ ಮೂರು ಅಡಿ ದೂರ ಇಡಿ. 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಏಟೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಮನೆಯಲ್ಲಿ ಮಾಡುವುದಾದರೆ ಖಾಲಿ ಹಾಲ್ ಬೇಡ, ಬಟ್ಟೆ ಹಾಸಿಗೆ ತುಂಬಿದ ಕೋಣೆ ಇರಲಿ.

ಆಮೇಲೆ ಕತ್ತರಿಸುವ ಕೆಲಸ. ಇಲ್ಲಿ ಅವಸರ ಮಾಡಬೇಡಿ. ಏಟಿಗೆ ಮುಂಚೆ ಇಪ್ಪತ್ತು ಮಿಲಿಸೆಕೆಂಡ್ ಖಾಲಿ ಜಾಗ ಉಳಿದರೂ ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ಇಡೀ ಹಾಡು ಕಾಲೆಳೆಯುತ್ತದೆ. ಅಲೆ ಏಳುವ ಜಾಗಕ್ಕೆ ಸರಿಯಾಗಿ ಕತ್ತರಿಸಿ. ಬಾಲವನ್ನು ಮಾತ್ರ ಮೊಟಕು ಮಾಡಬೇಡಿ. ಫೈಲಿಗೆ ಹೆಸರು ಕೊಡುವಾಗ ತಮಟೆ-ದಪ್ಪ-ಬಲ3-2 ಅನ್ನುವ ಹಾಗೆ ಒಂದೇ ಕ್ರಮ ಇಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ ಹುಡುಕುವವರೂ ನೀವೇ.

ತಡ ಅಂದಾಗ ನೆನಪಾಯಿತು. ಕೀ ಒತ್ತಿದ್ದಕ್ಕೂ ಸದ್ದಿಗೂ ಅಂತರ ಬಂದರೆ ಜನ ಸಾಫ್ಟ್‌ವೇರನ್ನು ಬೈಯುತ್ತಾರೆ. ಹೆಚ್ಚಾಗಿ ತಪ್ಪು ಡ್ರೈವರಿನದು, ಅಂದರೆ ಕಂಪ್ಯೂಟರಿಗೂ ಸದ್ದಿನ ಯಂತ್ರಕ್ಕೂ ನಡುವೆ ಕೆಲಸ ಮಾಡುವ ಸಾಫ್ಟ್‌ವೇರಿನದು. ಆಡಿಯೋ ಇಂಟರ್‌ಫೇಸ್ ಇದ್ದರೆ ಅದರ ಆಸಿಯೋ ಡ್ರೈವರ್ ಬಳಸಿ, ಇಲ್ಲದಿದ್ದರೆ ಆಸಿಯೋ4ಆಲ್ ಹಾಕಿ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ಅಳತೆ) 128 ಸ್ಯಾಂಪಲ್ ಇಟ್ಟರೆ, 44,100ರ ಸ್ಯಾಂಪಲ್ ರೇಟಿನಲ್ಲಿ ಅದರಿಂದಾಗುವ ತಡ ಸುಮಾರು 3 ಮಿಲಿಸೆಕೆಂಡ್. ನುಡಿಸುವಾಗ ಹೀಗಿರಲಿ, ಮಿಕ್ಸ್ ಮಾಡುವಾಗ 512ಕ್ಕೋ 1024ಕ್ಕೋ ಏರಿಸಿ.

ಹಣ ಕೊಟ್ಟು ಕೊಳ್ಳುವ ದಿನ ಬಂದರೆ? ಉಚಿತ ಕಿಟ್‌ನಲ್ಲಿ ಒಂದು ನಾಲ್ಕು ಹಾಡು ಮುಗಿಸಿ, ಏನು ಸಾಲುತ್ತಿಲ್ಲ ಅಂತ ಬೆರಳಿಟ್ಟು ತೋರಿಸುವ ಹಾಗಾದಾಗ ಕೊಳ್ಳಿ. ಬೀಟ್ ಕಟ್ಟುವುದೇ ಬರುತ್ತಿಲ್ಲ, ಹಾಡು ಕೊಟ್ಟರೆ ಅದಕ್ಕೆ ಹೊಂದುವ ಬೀಟ್ ಯಾರಾದರೂ ತೋರಿಸಲಿ ಅನಿಸಿದರೆ ಈಜಿ ಡ್ರಮ್ಮರ್ 3. ನಿಮ್ಮ ಗಿಟಾರನ್ನೋ ಕೀಬೋರ್ಡನ್ನೋ ಕೇಳಿಸಿಕೊಂಡು ಬೀಟ್ ಸೂಚಿಸುವ ಬ್ಯಾಂಡ್‌ಮೇಟ್ ಅದರಲ್ಲಿದೆ, ನೀವು ತಟ್ಟಿ ತೋರಿಸಿದ ಲಯಕ್ಕೆ ಹತ್ತಿರದ್ದನ್ನು ಹುಡುಕಿಯೂ ಕೊಡುತ್ತದೆ. ಬೀಟ್ ನೀವೇ ಕಟ್ಟುತ್ತೀರಿ, ಸದ್ದನ್ನು ಒಳಗೇ ತಿದ್ದಿ ತೀಡಬೇಕು, ಲ್ಯಾಪ್‌ಟಾಪ್ ಏದುಸಿರು ಬಿಡಬಾರದು ಅಂದರೆ ಅಡಿಕ್ಟಿವ್ ಡ್ರಮ್ಸ್ 2. ನಿಮ್ಮ ಕೆಲಸಕ್ಕೆ ನನ್ನ ಓಟು ಇದಕ್ಕೆ. ಸುಪೀರಿಯರ್ ಡ್ರಮ್ಮರ್ ಈ ಲ್ಯಾಪ್‌ಟಾಪಿಗೆ ಬೇಡ. ಯಾವುದನ್ನು ತಗೊಂಡರೂ ಭಾವಗೀತೆಗೆ ಬ್ರಷ್‌ನಿಂದ ನುಡಿಸಿದ ಕಿಟ್ ಕೇಳಿ ನೋಡಿ. ಎರಡೂ ಕಂಪನಿಗಳು ಅದನ್ನು ಬೇರೆ ಪ್ಯಾಕ್ ಆಗಿ ಮಾರುತ್ತವೆ. ನವೆಂಬರ್ ಕೊನೆಯವರೆಗೆ ಕಾದರೆ ಬೆಲೆ ಇಳಿಯುತ್ತದೆ. ಕೊಳ್ಳುವ ಮೊದಲು ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿಗೆ ವಿದೇಶಿ ವಹಿವಾಟು ಆನ್ ಮಾಡಿಕೊಳ್ಳಿ. ಕ್ರ್ಯಾಕ್ ಮಾಡಿದ್ದನ್ನು ಮಾತ್ರ ಹಾಕಬೇಡಿ. ಇನ್ನೊಬ್ಬರ ದುಡಿಮೆ ಅದು. ಅಲ್ಲದೆ ನಿಮ್ಮ ಹಾಡುಗಳೆಲ್ಲ ಇರುವ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕರೆ ಅಳುವುದೊಂದೇ ಬಾಕಿ.

ಫ್ರೀಸೌಂಡ್ ತಾಣದಲ್ಲಿ ಸಾವಿರಾರು ಸದ್ದುಗಳು ಸುಮ್ನೆ ಸಿಗುತ್ತವೆ. ಇಳಿಸಿಕೊಳ್ಳುವಾಗ ಪಕ್ಕದಲ್ಲಿರುವ ಲೈಸೆನ್ಸ್ ಓದಿ. ಕೆಲವು ಪೂರ್ತಿ ಮುಕ್ತ, ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ಹಣ ಬರುವ ಹಾಡಿಗೆ ಬಳಸುವ ಹಾಗಿಲ್ಲ.

ತಮಟೆಯವರು ಬಂದ ದಿನ ನಲವತ್ತೆಂಟು ಏಟು ಮುಗಿದ ಕೂಡಲೇ ಮೈಕ್ ಆರಿಸಬೇಡಿ. ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಇಲ್ಲದೆ, ಅವರ ಮನಸ್ಸಿಗೆ ಬಂದ ಹಾಗೆ ಎರಡು ನಿಮಿಷ ನುಡಿಸಲು ಹೇಳಿ, ಅದನ್ನೂ ಮುದ್ರಿಸಿಕೊಳ್ಳಿ. ರೀಪರಿನಲ್ಲಿ ಅದನ್ನು ಮೇಲಿನ ಟ್ರ್ಯಾಕಿಗೆ ಹಾಕಿ, ಕೆಳಗೆ ನಿಮ್ಮ ಮಿಡಿ ಏಟುಗಳನ್ನು ಒಂದೊಂದಾಗಿ ಅದರ ಅಲೆಗಳಿಗೆ ಸರಿಯಾಗಿ ಸರಿಸುತ್ತಾ ಬನ್ನಿ. ಏಟುಗಳ ನಡುವಿನ ಅಂತರ ಎಲ್ಲಿ ಕೂದಲೆಳೆ ಹೆಚ್ಚು, ಎಲ್ಲಿ ಕಡಿಮೆ ಅಂತ ಕಣ್ಣಿಗೇ ಕಾಣುತ್ತದೆ.