ಚಿತ್ರಗಳನ್ನು ಪ್ರೋಗ್ರಾಮಿನ ಒಳಗೇ ಸೇರಿಸುವುದು ಹೇಗೆ?

ಪ್ರಶ್ನೆ: ಕ್ಯೂಟ್ (ಕಿಟಕಿ, ಬಟನ್‌ಗಳಿರುವ ಪ್ರೋಗ್ರಾಮುಗಳನ್ನು ಕಟ್ಟಲು ಬಳಸುವ ಸಿದ್ಧ ಕೋಡಿನ ಸಂಗ್ರಹ) ಬಳಸಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಸಣ್ಣ ಅಪ್ಲಿಕೇಶನ್ ಬರೆದಿದ್ದೇನೆ. ಬಟನ್‌ಗಳ ಮೇಲಿನ ಚಿತ್ರಗಳು ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತವೆ. ಅದೇ ಪ್ರೋಗ್ರಾಮನ್ನು ಬೇರೆಯವರ ಕಂಪ್ಯೂಟರಿಗೆ ಹಾಕಿದರೆ ಒಂದೂ ಕಾಣುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಕೋಡು ಚಿತ್ರವನ್ನು ಡಿಸ್ಕಿನ ಯಾವುದೋ ಫೋಲ್ಡರಿನಿಂದ ಓದುತ್ತಿರಬೇಕು. ಆ ಫೋಲ್ಡರು ನಿಮ್ಮಲ್ಲಿದೆ, ಅವರಲ್ಲಿಲ್ಲ. ಚಿತ್ರವು ಪ್ರೋಗ್ರಾಮಿನ ಭಾಗವೇ ಆಗಬೇಕಾದರೆ ಕೋಡು ಕಂಪೈಲ್ ಆಗುವ (ಓಡಿಸಬಲ್ಲ ಪ್ರೋಗ್ರಾಮಾಗಿ ಬದಲಾಗುವ) ಹೊತ್ತಿನಲ್ಲಿಯೇ ಅದು ಒಳಗೆ ಸೇರಬೇಕು.

ಕ್ಯೂಟ್‌ನಲ್ಲಿ ಈ ಕೆಲಸಕ್ಕೆಂದೇ ಕ್ಯೂಆರ್‌ಸಿ ಫೈಲು ಇದೆ. ಇದು ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿ ಬರೆದ ಒಂದು ಪಟ್ಟಿ. ಯಾವ ಯಾವ ಚಿತ್ರಗಳು ಬೇಕು ಎಂಬುದನ್ನು ಇದರಲ್ಲಿ ನಮೂದಿಸಬೇಕು, ಮತ್ತು ಅಲ್ಲಿ ಬರೆಯುವ ಹಾದಿಗಳು (ಚಿತ್ರ ಯಾವ ಫೋಲ್ಡರಿನಲ್ಲಿದೆ ಎಂದು ಹೇಳುವ ವಿಳಾಸಗಳು) ಆ ಫೈಲು ಇರುವ ಫೋಲ್ಡರಿನಿಂದ ಆರಂಭವಾಗಬೇಕು. ಆರ್‌ಸಿಸಿ ಎಂಬ ಸಲಕರಣೆಯು ಈ ಪಟ್ಟಿಯನ್ನು ಓದಿ, ಪ್ರತಿ ಚಿತ್ರದ ಬೈಟುಗಳನ್ನು ಸಿ ಪ್ಲಸ್ ಪ್ಲಸ್ ಅರೇ (ಸಂಖ್ಯೆಗಳ ಸಾಲು) ಆಗಿ ಬರೆದುಕೊಡುತ್ತದೆ; ಆ ಕೋಡು ಉಳಿದ ಕೋಡಿನೊಂದಿಗೆ ಕಂಪೈಲ್ ಆಗಿ ಪ್ರೋಗ್ರಾಮಿನಲ್ಲಿ ಸೇರುತ್ತದೆ. ಕಂಪೈಲ್ ಕೆಲಸವನ್ನು ನಡೆಸಲು ಕ್ಯೂಮೇಕ್ ಎಂಬ ಸಲಕರಣೆ ಬಳಸುವವರು ಪ್ರಾಜೆಕ್ಟ್ ಫೈಲಿನ ರಿಸೋರ್ಸಸ್ ಸಾಲಿನಲ್ಲಿ ಕ್ಯೂಆರ್‌ಸಿಯ ಹೆಸರು ಕೊಟ್ಟರೆ ಸಾಕು. ಅಂಥದೇ ಇನ್ನೊಂದು ಸಲಕರಣೆಯಾದ ಸಿಮೇಕ್‌ನಲ್ಲಾದರೆ, ಆರ್‌ಸಿಸಿಯನ್ನು ತಾನಾಗಿ ಓಡಿಸುವ ಆಟೋಆರ್‌ಸಿಸಿಯನ್ನು ಆನ್ ಮಾಡಿ, ಮೂಲ ಫೈಲುಗಳ ಜೊತೆಯಲ್ಲೇ ಕ್ಯೂಆರ್‌ಸಿಯನ್ನೂ ಸೇರಿಸಬೇಕು.

ಹೆಚ್ಚಿನವರು ಎಡವುವುದು ಇದರ ನಂತರ. ಚಿತ್ರವನ್ನು ಒಳಗೆ ಸೇರಿಸಿಯೂ ಕೋಡಿನಲ್ಲಿ ಹಳೆಯ ಹಾದಿಯನ್ನೇ ಉಳಿಸಿಕೊಂಡರೆ ಪ್ರೋಗ್ರಾಮು ಮತ್ತೆ ಡಿಸ್ಕಿನಲ್ಲಿಯೇ ಹುಡುಕುತ್ತದೆ. ಒಳಗಿನ ಚಿತ್ರದ ಹಾದಿ ‘:/’ ಎಂಬ ಗುರುತಿನಿಂದ ಆರಂಭವಾಗಬೇಕು. ಅದರ ಮುಂದೆ ಕ್ಯೂಆರ್‌ಸಿಯಲ್ಲಿ ಕೊಟ್ಟ ಪ್ರಿಫಿಕ್ಸ್ (ಹೆಸರಿನ ಮುಂದೆ ಸೇರುವ ಭಾಗ), ಆಮೇಲೆ ಆ ಪಟ್ಟಿಯಲ್ಲಿ ಬರೆದ ಹಾದಿಯ ಸಮೇತ ಫೈಲಿನ ಹೆಸರು. ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾದಿ ತಪ್ಪಿದ್ದರೆ ಕಂಪೈಲರ್ ಯಾವ ದೂರನ್ನೂ ಹೇಳುವುದಿಲ್ಲ, ಪ್ರೋಗ್ರಾಮೂ ನಿಲ್ಲುವುದಿಲ್ಲ. ಖಾಲಿ ಕ್ಯೂಪಿಕ್ಸ್‌ಮ್ಯಾಪ್ (ಕ್ಯೂಟ್‌ನಲ್ಲಿ ಚಿತ್ರವನ್ನು ಹಿಡಿದಿಡುವ ವಸ್ತು) ಸಿಗುತ್ತದೆ, ಅಷ್ಟೆ. ಆದ್ದರಿಂದ ಚಿತ್ರ ತೆರೆದ ಮೇಲೆ ಅದು ಖಾಲಿಯೇ ಎಂದು ಕೋಡಿನಲ್ಲಿಯೇ ಪರೀಕ್ಷಿಸುವ ಅಭ್ಯಾಸ ಬಹಳ ಒಳ್ಳೆಯದು. ಚಿತ್ರಗಳ ಫೋಲ್ಡರಿನ ಹೆಸರನ್ನು ಸ್ವಲ್ಪ ಹೊತ್ತು ಬದಲಿಸಿ, ಮತ್ತೆ ಕಂಪೈಲ್ ಮಾಡದೆ ಪ್ರೋಗ್ರಾಮನ್ನು ಓಡಿಸಿ ನೋಡಿ. ಆಗಲೂ ಚಿತ್ರಗಳು ಕಾಣಿಸಿದರೆ ಅವು ನಿಜವಾಗಿ ಒಳಗೆ ಸೇರಿವೆ ಎಂದು ನಂಬಬಹುದು.

ಹಾದಿ ಸರಿಯಿದ್ದೂ ಚಿತ್ರ ಬಾರದಿರಲು ಇನ್ನೆರಡು ಕಾರಣಗಳಿವೆ. ಕ್ಯೂಆರ್‌ಸಿಯನ್ನು ಸ್ಟ್ಯಾಟಿಕ್ ಲೈಬ್ರರಿಯೊಂದರಲ್ಲಿ (ಪ್ರೋಗ್ರಾಮಿನೊಳಗೆ ಸೇರಿಹೋಗುವ ಕೋಡಿನ ಕಟ್ಟು) ಇಟ್ಟಿದ್ದರೆ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಅದನ್ನು ಕೈಬಿಡಬಹುದು. ಅಂಥಲ್ಲಿ ಮೇನ್ ಫಂಕ್ಷನ್ನಿನಲ್ಲಿ ‘ಕ್ಯೂ ಇನಿಟ್ ರಿಸೋರ್ಸ್’ ಎಂಬ ಮ್ಯಾಕ್ರೋವನ್ನು (ಸಿದ್ಧ ಕೋಡಿನ ಕಿರುಹೆಸರು) ಕರೆಯಬೇಕು. ಎರಡನೆಯದು ಪ್ಲಗಿನ್ನಿಗೆ (ಪ್ರೋಗ್ರಾಮು ಓಡುವಾಗ ಬಂದು ಸೇರುವ ಹೆಚ್ಚುವರಿ ಭಾಗ) ಸಂಬಂಧಿಸಿದ್ದು. ಪಿಎನ್‌ಜಿಯನ್ನು ಓದುವ ಶಕ್ತಿ ಕ್ಯೂಟ್‌ನ ಮೂಲ ಗ್ರಾಫಿಕ್ಸ್ ಲೈಬ್ರರಿಯಲ್ಲಿಯೇ ಇದೆ, ಆದರೆ ಜೆಪೆಗ್ ಮತ್ತು ಎಸ್‌ವಿಜಿಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಪ್ಲಗಿನ್ ಬೇಕಾಗುತ್ತದೆ. ಅದು ಅವರ ಕಂಪ್ಯೂಟರಿಗೆ ಹೋಗದಿದ್ದರೆ ಚಿತ್ರದ ಬೈಟುಗಳು ಒಳಗಿದ್ದರೂ ತೆರೆಯುವುದಿಲ್ಲ. ವಿಂಡೋಸ್‌ನಲ್ಲಿ ವಿನ್‌ಡಿಪ್ಲಾಯ್‌ಕ್ಯೂಟ್ ಎಂಬ ಸಲಕರಣೆಯು ಈ ಪ್ಲಗಿನ್‌ಗಳನ್ನು ಹುಡುಕಿ ಪ್ರೋಗ್ರಾಮಿನ ಪಕ್ಕದಲ್ಲಿ ಇಡುತ್ತದೆ.

ಚಿತ್ರಗಳು ತುಂಬಾ ದೊಡ್ಡದಾಗಿದ್ದರೆ ಎಲ್ಲವನ್ನೂ ಒಳಗೆ ತುರುಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಂಪೈಲ್ ನಿಧಾನವಾಗಿ ಮೆಮೊರಿಯೂ ವಿಪರೀತ ಬೇಕಾಗುತ್ತದೆ. ಆರ್‌ಸಿಸಿಗೆ ಬೈನರಿ ಆಯ್ಕೆ ಕೊಟ್ಟು ಅವನ್ನು ಪ್ರತ್ಯೇಕ ಫೈಲಾಗಿ ಕಟ್ಟಿಕೊಂಡರೆ, ಪ್ರೋಗ್ರಾಮು ಆರಂಭವಾದಾಗ ಅದನ್ನು ನೋಂದಾಯಿಸಿ ಅದೇ ‘:/’ ಹಾದಿಯಿಂದ ಬಳಸಬಹುದು.